ಕೃತಕ ಬುದ್ಧಿಮತ್ತೆಯೂ ವಿದ್ಯಾಭ್ಯಾಸವೂ: ಒಂದು ವಿವೇಚನೆ

ಪ್ರೌಢಶಾಲೆಗಳಲ್ಲಿ ಕನ್ನಡ ಬೋಧಿಸುವವರಿಗೆ ಈಚಿನ ಎರಡು ಮೂರು ವರ್ಷಗಳಿಂದ ಒಂದು ಹೊಸ ಅನುಭವವಾಗುತ್ತಿದೆ. ವಿದ್ಯಾರ್ಥಿಗಳು ಮನೆಯಿಂದ ಬರೆದು ತರುವ ಪ್ರಬಂಧಗಳಲ್ಲಿ ತಪ್ಪುಗಳು ಕಡಿಮೆಯಾಗುತ್ತಲಿವೆ. ಅಲ್ಪಪ್ರಾಣ ಮಹಾಪ್ರಾಣಗಳ ಪಲ್ಲಟವಿಲ್ಲ, ಶಕಾರ ಷಕಾರಗಳ ಗೊಂದಲವಿಲ್ಲ, ವಾಕ್ಯಗಳು ತಡೆಯಿಲ್ಲದೆ ಸಾಗುತ್ತವೆ. ಹಿಗ್ಗಬೇಕಾದ ಶಿಕ್ಷಕನು ಹಿಗ್ಗಲಾರದೆ ಕುಳಿತಿದ್ದಾನೆ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿಗೂ ಸುತ್ತಲಿನ ಹೊಳೆಸಾಲಿನ ಹಳ್ಳಿಗಳಿಗೂ ನುಗ್ಗಿದುದನ್ನು ಇಂದಿನ ಮೇಲಿನ ತರಗತಿಗಳ ಮಕ್ಕಳು ಎಳೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡವರು. ಅದನ್ನು ಕುರಿತು ಬರೆಯಿರೆಂದರೆ ಬರುವ ಪ್ರಬಂಧದಲ್ಲಿ ಪ್ರಕೃತಿಯ ಮುನಿಸು, ಅಸ್ತವ್ಯಸ್ತಗೊಂಡ ಜನಜೀವನ, ಕೈಗೊಳ್ಳಬೇಕಾದ ಮುನ್ನೆಚ್ಚರಿಕೆಯ ಕ್ರಮಗಳು ಎಲ್ಲವೂ ಇರುತ್ತವೆ. ಹಗೇವಿಗೆ ನೀರು ಹೊಕ್ಕರೆ ಜೋಳದ ಗತಿಯೇನು, ಕಣಿಕೆಯ ಬಣವೆ ತೇಲಿಹೋದವನು ದನಗಳಿಗೆ ಏನು ಹಾಕಬೇಕು ಎಂಬಂಥ ಒಂದು ಮಾತೂ ಇರುವುದಿಲ್ಲ. ಅಂಥ ಪ್ರಬಂಧವನ್ನು ಬರೆದುದು ಹೊಳೆಯನ್ನು ಕಂಡ ಹುಡುಗನಲ್ಲ, ಅವನ ತಂದೆಯ ಕಿಸೆಯಲ್ಲಿರುವ ಫೋನು.

ಈ ಲಿಖಿತಯಂತ್ರಗಳನ್ನು ಇಂದು ಕೃತಕ ಬುದ್ಧಿಮತ್ತೆ ಎಂಬ ಹೆಸರಿನಿಂದ ಕರೆಯಲಾಗುತ್ತಿದೆ. ಶಾಸ್ತ್ರವೇನೋ ಹಳೆಯದು, ಜನಸಾಮಾನ್ಯರ ಕೈಗೆ ಅದು ಬಂದುದು 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ. ಅದರ ಕಾರ್ಯವಿಧಾನವನ್ನು ವ್ಯಾಕರಣ ಬಲ್ಲವರು ಸುಲಭವಾಗಿ ಗ್ರಹಿಸಬಹುದು. ಅಪಾರ ಪ್ರಮಾಣದ ಬರೆಹವನ್ನು ಯಂತ್ರಕ್ಕೆ ಉಣಿಸಿ, ಒಂದು ಪದಖಂಡದ ಮುಂದೆ ಯಾವ ಪದಖಂಡ ಬರುವ ಸಂಭವ ಹೆಚ್ಚೆಂಬುದನ್ನು ಅದು ಗಣಿಸುವಂತೆ ಮಾಡಿರುತ್ತಾರೆ. ಕೇಳಿದ ಪ್ರಶ್ನೆಗೆ ಅದು ಖಂಡದ ಮೇಲೆ ಖಂಡವನ್ನು ಪೋಣಿಸುತ್ತ ಉತ್ತರ ಕಟ್ಟುತ್ತದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪದವನ್ನು ಪ್ರಕೃತಿ ಪ್ರತ್ಯಯಗಳಾಗಿ ಬಿಡಿಸಿದುದು ಅರ್ಥದ ನೆಲೆಯಿಂದ. ಯಂತ್ರವು ಬಿಡಿಸುವುದು ಯಾವ ಅಕ್ಷರಗುಂಪು ಎಷ್ಟು ಬಾರಿ ಬಂದಿದೆ ಎಂಬ ಎಣಿಕೆಯ ನೆಲೆಯಿಂದ. ಅದಕ್ಕೆ ದೊರೆತ ಬರೆಹದಲ್ಲಿ ಇಂಗ್ಲಿಷಿನ ಪಾಲೇ ಬಹಳ, ಕನ್ನಡದ ಪಾಲು ಅತ್ಯಲ್ಪ. ಆದಕಾರಣ ವಿಭಕ್ತಿ, ಆಖ್ಯಾತ, ಅವ್ಯಯಗಳು ಒಂದೇ ಪದದಲ್ಲಿ ಬೆಸೆದು ನಿಲ್ಲುವ ಕನ್ನಡವು ಅದರ ಕೈಯಲ್ಲಿ ಇಂಗ್ಲಿಷಿಗಿಂತ ಹೆಚ್ಚು ಚೂರುಗಳಾಗುತ್ತದೆ. ಹೊಸಗನ್ನಡದ ಪತ್ರಿಕಾಶೈಲಿಯಲ್ಲಿ ಅದು ಬಹುಮಟ್ಟಿಗೆ ಎಡವದು. ಹಳಗನ್ನಡದ ಪದ್ಯವನ್ನು ಮುಂದಿಟ್ಟರೆ ಪದಚ್ಛೇದದಲ್ಲಿಯೇ ದಾರಿತಪ್ಪಿ, ಆದರೂ ಅಳುಕದೆ ಭಾವಾರ್ಥವನ್ನು ಹೇಳಿಬಿಡುತ್ತದೆ. ಈ ಅಳುಕದಿರುವಿಕೆಯೇ ಇಲ್ಲಿ ವಿಚಾರಾರ್ಹವಾದ ಸಂಗತಿ.

ಹಾಗೆಂದು ಯಂತ್ರವನ್ನು ಶಾಲೆಯ ಬಾಗಿಲಲ್ಲಿ ತಡೆಯಬೇಕೆನ್ನುವವರ ವಾದವನ್ನು ಒಪ್ಪಲಾಗದು. ಮನೆಯಲ್ಲಿ ಓದಿದವರೇ ಇಲ್ಲದ ಬಾಲಕಿಯೊಬ್ಬಳಿಗೆ ರಾತ್ರಿ ಒಂಬತ್ತು ಗಂಟೆಗೆ ಬೀಜಗಣಿತದ ಒಂದು ಮೆಟ್ಟಿಲು ತಿಳಿಯದಿದ್ದರೆ, ಇಲ್ಲಿಯವರೆಗೆ ಅವಳು ಮರುದಿನದ ತನಕ ಕಾಯಬೇಕಾಗಿತ್ತು. ಮರುದಿನ ಕೇಳಲು ಸಂಕೋಚವಾದರೆ ಅದು ಜೀವನಪರ್ಯಂತ ತಿಳಿಯದೆಯೇ ಉಳಿಯುತ್ತಿತ್ತು. ಈಗ ಅವಳು ಕನ್ನಡದಲ್ಲಿಯೇ ಹತ್ತು ಬಾರಿ ಕೇಳಬಹುದು, ಯಂತ್ರ ಸಿಡುಕುವುದಿಲ್ಲ. ಟ್ಯೂಶನ್ನಿಗೆ ಹಣವಿಲ್ಲದ ಮನೆಗಳಿಗೆ ಇದು ಸಾಮಾನ್ಯ ಉಪಕಾರವಲ್ಲ. ಶಿಕ್ಷಕರಿಗೂ ಉಪಕಾರವುಂಟು. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗವೂ ಶಿಕ್ಷಣ ಫೌಂಡೇಶನ್ ಸಂಸ್ಥೆಯೂ ಕೂಡಿ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು ರೂಪಿಸಿ, 2023ರಲ್ಲಿ ಬೆಂಗಳೂರಿನ ಆಸುಪಾಸಿನ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿದುವು. ರಾಜ್ಯದ ಪಠ್ಯಕ್ರಮವನ್ನು ಅನುಸರಿಸಿ ಅದು ಪಾಠಯೋಜನೆಯನ್ನು ಕೆಲವೇ ನಿಮಿಷಗಳಲ್ಲಿ ಸಿದ್ಧಪಡಿಸಿಕೊಡುತ್ತದೆ. ಶಿಕ್ಷಕನು ಅದನ್ನು ತಿದ್ದಿಕೊಂಡು ತರಗತಿಗೆ ಹೋಗುತ್ತಾನೆ. ಕಾಗದಪತ್ರಗಳ ಭಾರದಲ್ಲಿ ಕುಗ್ಗಿದ ಶಿಕ್ಷಕನಿಗೆ ಉಳಿದ ಆ ಒಂದು ತಾಸು ಮಕ್ಕಳ ಪಾಲಿಗೆ ಬಂದರೆ ಅದಕ್ಕಿಂತ ಒಳ್ಳೆಯದು ಯಾವುದು?

ಆದರೆ ಉತ್ತರ ದೊರೆಯುವುದು ಬೇರೆ, ವಿದ್ಯೆ ಹತ್ತುವುದು ಬೇರೆ. ಇದನ್ನು ಅಳೆದು ನೋಡಿದ ಒಂದು ಪರೀಕ್ಷೆ ಟರ್ಕಿ ದೇಶದಲ್ಲಿ ನಡೆದಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿದ್ವಾಂಸರು ಅಲ್ಲಿಯ ಪ್ರೌಢಶಾಲೆಯ ಸುಮಾರು 1000 ವಿದ್ಯಾರ್ಥಿಗಳನ್ನು ಗಣಿತದ ಅಭ್ಯಾಸದಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ಒಂದು ಗುಂಪಿಗೆ ಪಠ್ಯಪುಸ್ತಕ ಮಾತ್ರ. ಇನ್ನೊಂದಕ್ಕೆ ಕೇಳಿದುದಕ್ಕೆಲ್ಲ ಉತ್ತರ ಹೇಳುವ ಸಾಮಾನ್ಯ ಯಂತ್ರ. ಮೂರನೆಯದಕ್ಕೆ ಉತ್ತರವನ್ನು ಹೇಳದೆ ಸೂಚನೆಯನ್ನಷ್ಟೇ ಕೊಡುವಂತೆ ಶಿಕ್ಷಕರ ಸಲಹೆಯಿಂದ ತಿದ್ದಿದ ಯಂತ್ರ. ಅಭ್ಯಾಸದ ವೇಳೆಯಲ್ಲಿ ಎರಡನೆಯ ಗುಂಪು ಮೊದಲನೆಯದಕ್ಕಿಂತ ಶೇಕಡಾ 48ರಷ್ಟು, ಮೂರನೆಯದು ಶೇಕಡಾ 127ರಷ್ಟು ಮುಂದೆ ನಿಂತಿತು. ಬಳಿಕ ಯಂತ್ರವನ್ನು ತೆಗೆದಿಟ್ಟು ಎಲ್ಲರಿಗೂ ಪರೀಕ್ಷೆ ಕೊಟ್ಟಾಗ, ಸಾಮಾನ್ಯ ಯಂತ್ರವನ್ನು ಬಳಸಿದವರು ಯಂತ್ರವನ್ನೇ ಕಾಣದವರಿಗಿಂತ ಶೇಕಡಾ 17ರಷ್ಟು ಹಿಂದೆ ಬಿದ್ದರು. ಸೂಚನೆಯಿಂದ ಕಲಿತವರಿಗೆ ಅಂಥ ಹಾನಿಯೇನೂ ತಟ್ಟಲಿಲ್ಲ. ಇನ್ನೂ ಒಂದು ಮಾತು: ಹಿಂದೆ ಬಿದ್ದವರಿಗೆ ತಾವು ಹಿಂದೆ ಬಿದ್ದಿದ್ದೇವೆಂಬ ಅರಿವೇ ಇರಲಿಲ್ಲ.

ಸಂಸ್ಕೃತ ಪಾಠಶಾಲೆಗಳಲ್ಲಿಯೂ ಮಠಗಳ ಜಗಲಿಯ ಮೇಲೂ ಕಾವ್ಯ ಹೇಳಿಸಿಕೊಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಅಲ್ಲಿಯ ಖಂಡಾನ್ವಯ ಪದ್ಧತಿಯಲ್ಲಿ ಗುರುವು ಪದ್ಯದ ಅರ್ಥವನ್ನು ಮೊದಲು ಹೇಳಿಬಿಡುತ್ತಿರಲಿಲ್ಲ. ಕ್ರಿಯಾಪದವನ್ನು ಹಿಡಿಸಿ, ಯಾರು, ಯಾರನ್ನು, ಎಲ್ಲಿ, ಎಂಥವನು ಎಂದು ಒಂದೊಂದೇ ಆಕಾಂಕ್ಷೆಯನ್ನು ಎಬ್ಬಿಸಿ, ಪದಗಳನ್ನು ಶಿಷ್ಯನ ಬಾಯಿಂದಲೇ ಹೊರಡಿಸುತ್ತಿದ್ದ. ಶಿಷ್ಯ ತಪ್ಪಿದರೆ ಮತ್ತೆ ಒಂದು ಪ್ರಶ್ನೆ. ಟರ್ಕಿಯ ಮೂರನೆಯ ಗುಂಪಿಗೆ ಯಂತ್ರ ಮಾಡಿದುದೂ ಇದನ್ನೇ. ಆದ್ದರಿಂದ ಯಂತ್ರ ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಕಾಲ ಕಳೆಯುವುದಕ್ಕಿಂತ, ಯಾವ ಬಗೆಯ ಯಂತ್ರವನ್ನು ಯಾವ ಬಗೆಯಿಂದ ಪ್ರಶ್ನಿಸಬೇಕೆಂಬುದನ್ನು ಮಕ್ಕಳಿಗೆ ಕಲಿಸುವುದು ಮೇಲು. ‘ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದೆನೆಂದು ಮಾತ್ರ ಹೇಳು’ ಎಂದು ಕೇಳಬಲ್ಲ ಹುಡುಗನು ಅರ್ಧ ವಿದ್ಯೆಯನ್ನು ಗಳಿಸಿದಂತೆಯೇ ಸರಿ.

ಇನ್ನು ಸತ್ಯಾಸತ್ಯದ ವಿಚಾರ. ಬರವಣಿಗೆ ಸೊಗಸಾಗಿದ್ದ ಮಾತ್ರಕ್ಕೆ ಅದರಲ್ಲಿರುವುದೆಲ್ಲ ನಿಜವಾಗದೆಂಬುದಕ್ಕೆ ಕೊಣ್ಣೂರಿನವರು ನಿದರ್ಶನವನ್ನು ಹೊರಗೆ ಹುಡುಕಬೇಕಾಗಿಲ್ಲ. ಊರಿನ ಹೆಸರನ್ನು ಇತಿಹಾಸಜ್ಞರಲ್ಲೆಲ್ಲ ಪರಿಚಿತಗೊಳಿಸಿದ ಸಂಸ್ಕೃತ ಶಾಸನವೊಂದುಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನು ಶಕವರ್ಷ 782ರ ಆಶ್ವಯುಜ ಪೂರ್ಣಿಮೆಯ ಚಂದ್ರಗ್ರಹಣದಂದು, ಎಂದರೆ ಕ್ರಿ.ಶ. 860ರ ಅಕ್ಟೋಬರ್ 3ರಂದು, ತನ್ನ ವೀರಸೇನಾನಿ ಬಂಕೇಯನ ಬಿನ್ನಹದ ಮೇರೆಗೆ, ಆತನು ಕೊಳನೂರಿನಲ್ಲಿ ಕಟ್ಟಿಸಿದ ಬಸದಿಗೆ ದತ್ತಿ ಕೊಟ್ಟನೆಂದು ಅದು ಸಾರುತ್ತದೆ. ಆ ಕೊಳನೂರೇ ಇಂದಿನ ಕೊಣ್ಣೂರು. ಆ ಬಂಕೇಯನ ಹೆಸರನ್ನೇ ಬಂಕಾಪುರ ಹೊತ್ತಿದೆ. ಆದರೆ ಕಲ್ಲಿನ ಮೇಲಿರುವುದು ಮೂಲವಲ್ಲ. ತಾಮ್ರಪಟದಲ್ಲಿದ್ದ ಶಾಸನವನ್ನು ಊರ ಮಹಾಪ್ರಭು ಹುಲಿಯಮರಸ ಮೊದಲಾದವರ ಕೋರಿಕೆಯಂತೆ ಮೇಘಚಂದ್ರ ತ್ರೈವಿದ್ಯರ ಮಗನಾದ ವೀರನಂದಿಮುನಿ ಕಲ್ಲಿಗೆ ಇಳಿಸಿದನೆಂದು ಅದೇ ಶಾಸನದ ಕೊನೆಯ ಭಾಗ ಹೇಳುತ್ತದೆ. ಅದು ನಡೆದುದು 12ನೆಯ ಶತಮಾನದಲ್ಲಿ, ಮೂಲದ ಕಾಲಕ್ಕೆ ಸುಮಾರು ಮುನ್ನೂರು ವರ್ಷಗಳ ತರುವಾಯ.

ಜರ್ಮನಿಯ ವಿದ್ವಾಂಸ ಕೀಲ್‌ಹಾರ್ನ್ ಈ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಪ್ರಕಟಿಸುವಾಗ ಮಾಡಿದುದೇನು? ಶ್ಲೋಕಗಳ ಓಘಕ್ಕೆ ಮರುಳಾಗಲಿಲ್ಲ. ತಿಥಿಯನ್ನು ಗಣಿತದಿಂದ ಪರಿಶೀಲಿಸಿದ. ಆ ದಿನ ಗ್ರಹಣವಿದ್ದುದು ಸರಿಯೆಂದಾಯಿತು. ವಂಶಾವಳಿಯನ್ನು ರಾಷ್ಟ್ರಕೂಟರ ಇತರ ತಾಮ್ರಪಟಗಳೊಡನೆ ತಾಳೆ ನೋಡಿದ. ಅದು ಕೆಲವೆಡೆ ಹೊಂದಲಿಲ್ಲ. ತನ್ನಿಮಿತ್ತ ಇದನ್ನು ಮೂಲಶಾಸನದ ಯಥಾವತ್ ಪ್ರತಿಯೆಂದು ವಿದ್ವತ್ತು ಸ್ವೀಕರಿಸಿಲ್ಲ. ಹಾಗೆಂದು ಬಿಸಾಡಲೂ ಇಲ್ಲ. ಬಂಕೇಯನ ಪರಾಕ್ರಮದ ಕಥೆಗೆ ಇಂದಿಗೂ ಇದೇ ಮುಖ್ಯ ಆಧಾರ. ಒಂದೇ ಬರೆಹದಲ್ಲಿ ಒಂದು ಪಂಕ್ತಿ ಗ್ರಾಹ್ಯ, ಇನ್ನೊಂದು ಸಂದೇಹಾಸ್ಪದ, ಮೂರನೆಯದು ತ್ಯಾಜ್ಯ ಎಂದು ಬೇರ್ಪಡಿಸುವ ಈ ವಿವೇಕವೇ ಯಂತ್ರಲಿಖಿತದ ಮುಂದೆ ಕುಳಿತ ವಿದ್ಯಾರ್ಥಿಗೆ ಬೇಕಾದುದು. ಶಾಸನ ಬರೆಯಿಸಿದವರಾದರೂ ತಮ್ಮ ಮುಂದಿದ್ದ ಮೂಲವಾವುದು, ಕೋರಿದವರಾರು ಎಂದು ಹೆಸರು ಹಿಡಿದು ಹೇಳಿದರು. ಯಂತ್ರವು ಎಷ್ಟೋ ಬಾರಿ ಅಷ್ಟನ್ನೂ ಹೇಳುವುದಿಲ್ಲ. ಒತ್ತಾಯಿಸಿದರೆ ಇಲ್ಲದ ಗ್ರಂಥದ ಹೆಸರನ್ನೂ ಪುಟದ ಸಂಖ್ಯೆಯನ್ನೂ ಕಲ್ಪಿಸಿ ಕೊಡುವುದುಂಟು.

ಶರಣಸಾಹಿತ್ಯದ ವಿಷಯದಲ್ಲಿ ಈ ದೋಷವು ಹೆಚ್ಚು ಆತಂಕಕಾರಿ. ವಚನದ ಹೊರರೂಪ ಅನುಕರಣೆಗೆ ಸುಲಭವಾಗಿ ಸಿಕ್ಕುತ್ತದೆ. ಒಂದು ದೃಷ್ಟಾಂತ, ಒಂದು ಪ್ರಶ್ನೆ, ಕೊನೆಗೊಂದು ಅಂಕಿತ. ‘ಕಾಯಕವನ್ನು ಕುರಿತು ಬಸವಣ್ಣನವರ ಒಂದು ವಚನ ಕೊಡು’ ಎಂದರೆ ಯಂತ್ರವು ಆ ಮಹಾನುಭಾವರು ಎಂದೂ ಆಡದ ಮಾತುಗಳನ್ನು ಜೋಡಿಸಿ ಕೂಡಲಸಂಗಮದೇವನ ಅಂಕಿತವನ್ನು ಒತ್ತಿಬಿಡಬಲ್ಲದು. ಚೆನ್ನಬಸವಣ್ಣನವರ ಅಂಕಿತ ಕೂಡಲಚೆನ್ನಸಂಗಮದೇವ. ಎರಡಕ್ಕೂ ನಡುವೆ ಇರುವುದು ಎರಡೇ ಅಕ್ಷರಗಳ ಅಂತರ. ಆ ಅಂತರವನ್ನು ಕಾಯ್ದುಕೊಳ್ಳಲು ಲಿಪಿಕಾರರು ಪಟ್ಟ ಶ್ರಮ, ಅವರು ತಪ್ಪಿದೆಡೆಯಲ್ಲಿ ಸಂಪಾದಕರು ಪಟ್ಟ ಶ್ರಮ ಎಣಿಕೆಗೆ ಮೀರಿದುದು. ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆ ಮನೆಮನೆಗಳ ಓಲೆಗರಿಗಳನ್ನು ಅರಸಿ, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅಲ್ಲಿಂದ ಎಪ್ಪತ್ತು ವರ್ಷಗಳ ಅನಂತರ, 1993ರಲ್ಲಿ, ಕರ್ನಾಟಕ ಸರ್ಕಾರದ ಸಮಗ್ರ ವಚನ ಸಂಪುಟಗಳು ಹದಿನೈದು ಸಂಖ್ಯೆಯಲ್ಲಿ ಬಂದುವು. ಗದುಗಿನ ವೀರಶೈವ ಅಧ್ಯಯನ ಸಂಸ್ಥೆಯು ಶರಣಸಾಹಿತ್ಯದ ಸಂಶೋಧನೆ ಪ್ರಕಟನೆಗಳಿಗೆ ಸಲ್ಲಿಸಿದ ಸೇವೆ ಈ ಸಂಚಿಕೆಯ ವಾಚಕರಿಗೆ ತಿಳಿದೇ ಇದೆ. ಪ್ರಕ್ಷಿಪ್ತ ವಚನಗಳನ್ನು ಸೋಸುವ ಈ ಕಾರ್ಯ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಕ್ಷಣಕ್ಕೊಂದು ಹೊಸ ಪ್ರಕ್ಷೇಪವನ್ನು ಹುಟ್ಟಿಸಬಲ್ಲ ಯಂತ್ರ ಬಂದಿದೆ. ಬಸವಜಯಂತಿಯ ಭಾಷಣಕ್ಕೂ ಆಮಂತ್ರಣಪತ್ರಿಕೆಯ ತಲೆಬರೆಹಕ್ಕೂ ಅದರಿಂದ ವಚನ ಕೇಳಿ ಪಡೆಯುವ ಅಭ್ಯಾಸ ಬೆಳೆದರೆ, ಒಂದು ತಲೆಮಾರಿನ ಬಳಿಕ ಸಾಚಾ ಯಾವುದು ಸಟೆ ಯಾವುದು ಎಂದು ಹೇಳುವವರು ವಿರಳರಾದಾರು. ಇನ್ನು ಆ ಅಚ್ಚಾದ ಭಾಷಣಗಳೇ ಮುಂದಿನ ಯಂತ್ರಕ್ಕೆ ಆಹಾರವಾಗುತ್ತವೆ!

ಪರಿಹಾರ ದುಸ್ಸಾಧ್ಯವೇನಲ್ಲ. ‘ವಚನ ಸಂಚಯ’ ಎಂಬ ಅಂತರ್ಜಾಲದ ಭಂಡಾರದಲ್ಲಿ ಇಪ್ಪತ್ತು ಸಾವಿರದಷ್ಟು ವಚನಗಳನ್ನು ಪದದಿಂದ ಪದಕ್ಕೆ ಹುಡುಕಬಹುದು. ಯಂತ್ರ ಕೊಟ್ಟ ವಚನದಿಂದ ಒಂದು ಅಪರೂಪದ ಶಬ್ದವನ್ನು ಆರಿಸಿ ಅಲ್ಲಿ ಹುಡುಕಿದರೆ ಸುಳ್ಳು ಬಹುಪಾಲು ಒಡನೆಯೇ ಬಯಲಾಗುತ್ತದೆ. ಹುಡುಕಿದುದನ್ನು ಅಚ್ಚಾದ ಸಂಪುಟದಲ್ಲಿ ಪಾಠಾಂತರಸಹಿತ ನೋಡಿದರೆ ಇನ್ನೂ ಒಳ್ಳೆಯದು. ಯಂತ್ರ ಬರೆದುದನ್ನು ತಂದು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೂ ವಚನ ಸಂಪುಟವನ್ನೂ ಮುಂದಿಟ್ಟುಕೊಂಡು ವಿದ್ಯಾರ್ಥಿಯೇ ಕೆಂಪು ಶಾಯಿಯಿಂದ ತಿದ್ದುವ ‘ತಿದ್ದುಪಾಠ’ವೊಂದನ್ನು ವಾರಕ್ಕೊಂದು ಅವಧಿ ಇಟ್ಟರೆ, ವ್ಯಾಕರಣ, ಕೋಶ, ಇತಿಹಾಸ ಮೂರೂ ಒಟ್ಟಿಗೆ ಕೈಸೇರುತ್ತವೆ. ಅಂಕಗಳನ್ನು ಪ್ರಬಂಧಕ್ಕೆ ಕೊಡದೆ ತಿದ್ದುಪಡಿಗೆ ಕೊಡಬೇಕು. ಪ್ರಬಂಧವನ್ನು ಮಾತ್ರ ತರಗತಿಯಲ್ಲಿಯೇ, ಕೈಯಿಂದಲೇ ಬರೆಯಿಸಬೇಕು. ಅದರಲ್ಲಿ ಹತ್ತು ಕಾಗುಣಿತದ ತಪ್ಪುಗಳಿದ್ದರೂ ಚಿಂತೆಯಿಲ್ಲ.

ಉದ್ಯೋಗದ ಮಾತು ಹಳೆಯ ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಹೆಚ್ಚು ಕಾಡುತ್ತಿರುವುದು ಸಹಜ. ವಿಶ್ವ ಆರ್ಥಿಕ ವೇದಿಕೆಯು 2025ರ ಜನವರಿಯಲ್ಲಿ ಪ್ರಕಟಿಸಿದ ಅಂದಾಜಿನಂತೆ 2030ರೊಳಗೆ ಜಗತ್ತಿನಲ್ಲಿ 9 ಕೋಟಿ 20 ಲಕ್ಷ ಉದ್ಯೋಗಗಳು ಇಲ್ಲವಾಗಿ 17 ಕೋಟಿ ಹೊಸವು ಹುಟ್ಟಲಿವೆ. ಅದು ಎಲ್ಲ ಕಾರಣಗಳನ್ನೂ ಕೂಡಿಸಿ ಉದ್ಯಮಪತಿಗಳನ್ನು ಕೇಳಿ ಮಾಡಿದ ಎಣಿಕೆ. ಜ್ಯೋತಿಷ್ಯವಲ್ಲ, ಶಾಸನವೂ ಅಲ್ಲ. 2025ರ ಜುಲೈಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯು ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಎಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಸಾರಿತು. ಕಾರಣ ಯಂತ್ರವಲ್ಲ, ಕೌಶಲದ ಹೊಂದಾಣಿಕೆ ಎಂದು ಸಂಸ್ಥೆ ಹೇಳಿತು. ಕಾರಣವೇನೇ ಇರಲಿ, ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಕಲಿತರೆ ಬಾಳು ನೆಲೆನಿಂತಂತೆ ಎಂಬ ಮೂರು ದಶಕಗಳ ನಂಬಿಕೆ ಹಿಂದಿನಷ್ಟು ಗಟ್ಟಿಯಾಗಿಲ್ಲ.

ಈ ಸೀಮೆಗೆ ಇಂಥ ಬದಲಾವಣೆ ಮೊದಲನೆಯದೇನಲ್ಲ. ಮೊಳೆ ಜೋಡಿಸುವ ಕಂಪೋಜಿಟರುಗಳು ಒಂದು ಕಾಲಕ್ಕೆ ಮುದ್ರಣಾಲಯದ ಜೀವಾಳವಾಗಿದ್ದರು. ಗಣಕಯಂತ್ರದ ಅಕ್ಷರಜೋಡಣೆ ಬಂದು ಆ ಕಸಬು ನಿಂತಿತು. ತಾಲೂಕು ಊರುಗಳ ಬೆರಳಚ್ಚು ಶಾಲೆಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿ ನೌಕರಿ ಹಿಡಿದವರು ಈ ಶಾಲೆಯ ಹಳೆಯ ಹಾಜರಿ ಪುಸ್ತಕಗಳಲ್ಲಿ ಎಷ್ಟೋ ಮಂದಿ ಸಿಕ್ಕಾರು. ಅವರಲ್ಲಿ ಬರಿಯ ಬೆರಳಿನ ವೇಗವನ್ನು ನಂಬಿದವರು ಹಿಂದುಳಿದರು. ಕಡತದ ಮರ್ಮ ತಿಳಿದು, ಮೇಲಧಿಕಾರಿಯ ಟಿಪ್ಪಣಿಯಲ್ಲಿಯ ತಪ್ಪನ್ನು ವಿನಯದಿಂದ ತೋರಿಸಬಲ್ಲವರು ನುಡಿ ತಂತ್ರಾಂಶ ಬಂದಾಗಲೂ ಬೇಕಾದವರಾಗಿಯೇ ಉಳಿದರು. ಇಂದು ಪತ್ರ ಬರೆಯುವ, ಭಾಷಾಂತರಿಸುವ, ಲೆಕ್ಕ ಹಾಕುವ ಆರಂಭದ ಹಂತದ ಕೆಲಸಗಳಿಗೆ ಯಂತ್ರ ಕೈಹಾಕಿದೆ. ಹೊಸದಾಗಿ ವೃತ್ತಿಗೆ ಸೇರುವವನು ಕೆಲಸ ಕಲಿಯುತ್ತಿದ್ದುದೇ ಅಂಥವುಗಳಿಂದ. ಆ ಕೆಳಗಿನ ಮೆಟ್ಟಿಲು ಮುರಿದರೆ ಮೇಲೇರುವುದು ಹೇಗೆಂಬ ಪ್ರಶ್ನೆಗೆ ದೊಡ್ಡ ಸಂಸ್ಥೆಗಳಲ್ಲಿಯೂ ಸಮರ್ಪಕ ಉತ್ತರವಿದ್ದಂತೆ ತೋರದು.

ಹೊಸ ಕಾಯಕಗಳೂ ಹುಟ್ಟುತ್ತಿವೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯು ಚಾಮರಾಜನಗರದ ಕಡೆಯ ಹಳ್ಳಿಗಳ ಮಹಿಳೆಯರಿಂದ ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ, ಅವರ ಧ್ವನಿಯನ್ನು ಯಂತ್ರಕ್ಕೆ ಕಲಿಸಲು ಬಳಸುತ್ತ, ತಾಸಿಗೆ ಸುಮಾರು 5 ಡಾಲರು, ಎಂದರೆ 400 ರೂಪಾಯಿಗಳಷ್ಟು ಸಂಭಾವನೆ ಕೊಟ್ಟುದು 2023ರಲ್ಲಿ ದೇಶವಿದೇಶಗಳ ಗಮನ ಸೆಳೆಯಿತು. ಮಾತಾಡುವ ನುಡಿಗೇ ಕೂಲಿ ದೊರೆತದ್ದು ಶ್ಲಾಘನೀಯವಾದರೂ ಅದು ಸುಗ್ಗಿಯ ಕೂಲಿಯಂತೆ ಅಲ್ಪಕಾಲದ್ದು. ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ಸಂಸ್ಥೆಯ ನೆರವಿನಿಂದ 2022ರಲ್ಲಿ ಕೈಗೊಂಡ ‘ವಾಣಿ’ ಯೋಜನೆಯಲ್ಲಿ ಜಿಲ್ಲೆಜಿಲ್ಲೆಯ ಆಡುಮಾತನ್ನು ಸಂಗ್ರಹಿಸಲಾಗುತ್ತಿದೆ. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿದ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ಸೀಮೆಗೆ ಸೇರಿದ ಈ ಭಾಗದವರ ಮಾತನ್ನು ಯಂತ್ರವಿನ್ನೂ ಅರೆಬರೆ ಅರಿಯುತ್ತದೆ. ‘ಹೋಗ್ಯಾನ್ರಿ’, ‘ಬರಾಕತ್ತಾಳ’ ಎಂಬುದನ್ನು ತಪ್ಪಾಗಿ ಕೇಳಿಕೊಂಡು ಬೇರೇನನ್ನೋ ಬರೆಯುತ್ತದೆ. ಕಡಲೆಗೆ ಸಿಡಿರೋಗ ಬಂದಿದೆಯೆಂದು ಕೇಳಿದ ಒಕ್ಕಲಿಗನಿಗೆ ಯಂತ್ರ ಕೊಟ್ಟ ಸಲಹೆ ಎರೆಭೂಮಿಗೆ ಒಗ್ಗುವುದೋ ಇಲ್ಲವೋ ಎಂದು ಹೇಳಲು ಬೇಸಾಯವನ್ನೂ ಭಾಷೆಯನ್ನೂ ಬಲ್ಲವನೊಬ್ಬನು ನಡುವೆ ಬೇಕು. ದವಾಖಾನೆ, ಕೋರ್ಟು, ಬ್ಯಾಂಕುಗಳಲ್ಲಿಯೂ ಇದೇ ಸ್ಥಿತಿ. ಯಂತ್ರದ ಕೆಲಸಕ್ಕೆ ಹೊಣೆಹೊತ್ತು ರುಜು ಹಾಕುವವನು ಮನುಷ್ಯನೇ; ತನ್ನ ವಿಷಯವನ್ನು ಗಟ್ಟಿಯಾಗಿ ಕಲಿಯದವನು ಯಾವುದರ ಕೆಳಗೆ ರುಜು ಹಾಕಿಯಾನು?

ಆದಕಾರಣ ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ‘ಕೃತಕ ಬುದ್ಧಿಮತ್ತೆಯನ್ನೇ ಓದಿಸಬೇಕೇ’ ಎಂದು ಕೇಳುವ ಪಾಲಕರಿಗೆ, ಮಗುವಿಗೆ ಒಲವಿರುವ ಶಾಸ್ತ್ರವನ್ನೇ ಬೇರುಮಟ್ಟ ಓದಿಸಿ, ಯಂತ್ರದ ಬಳಕೆಯನ್ನು ಅದರ ಜೊತೆಗೆ ಕಲಿಸಿರೆಂದು ಹೇಳುವುದು ಯುಕ್ತ. ಕೇಂದ್ರೀಯ ಮಂಡಳಿಯ ಶಾಲೆಗಳಲ್ಲಿ 2019-20ರಿಂದಲೇ ಒಂಬತ್ತನೆಯ ತರಗತಿಗೆ ಇದು ಐಚ್ಛಿಕ ವಿಷಯವಾಗಿ ಬಂದಿದೆ. ಕನ್ನಡ ಮಾಧ್ಯಮದ ಮಕ್ಕಳು ಇದರಲ್ಲಿ ಹಿಂದೆ ಬೀಳಬಾರದೆಂಬ ಕಳವಳ ನ್ಯಾಯವಾದುದೇ.

ದಾನಿಗಳು ಶಾಲೆಗೆ ಗಣಕಯಂತ್ರಗಳನ್ನು ಕೊಡಲು ಮುಂದೆ ಬರುತ್ತಿರುವುದು ಅಭಿನಂದನೀಯ. 2020ರ ಮಹಾಮಾರಿಯ ಕಾಲದಲ್ಲಿ ಮನೆಗೊಂದೇ ಫೋನು, ಅದೂ ತಂದೆ ಹೊಲದಿಂದ ಬಂದ ಮೇಲೆ ಎಂಬ ಸ್ಥಿತಿಯಲ್ಲಿ ಎಷ್ಟೋ ಮಕ್ಕಳ ಓದು ನಿಂತುದನ್ನು ಕಂಡವರು ಯಂತ್ರದಾನದ ಬೆಲೆಯನ್ನು ಬಲ್ಲರು. ಯಂತ್ರವನ್ನು ಕೊಡುವವರು ಅದರೊಡನೆ ಒಂದು ಕಪಾಟನ್ನೂ ಕೊಡಲಿ. ಸಮಗ್ರ ವಚನ ಸಂಪುಟಗಳು, ಪರಿಷತ್ತಿನ ನಿಘಂಟು, ಧಾರವಾಡ ಗದಗ ಪ್ರಾಂತದ ಶಾಸನಸಂಪುಟಗಳು, ಕೊಣ್ಣೂರ ಶಾಸನದ ಪಾಠ ಮತ್ತು ಅದರ ಕನ್ನಡ ತಾತ್ಪರ್ಯ, ಒಂದೆರಡು ಒಳ್ಳೆಯ ಭೂಪಟಗಳು ಅದರಲ್ಲಿರಲಿ. ಕಪಾಟು ಗಣಕಯಂತ್ರದ ಕೋಣೆಯಲ್ಲಿಯೇ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಇರಲಿ. ಅದರ ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿರದೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಪ್ರತಿನಿಧಿಯ ಹತ್ತಿರ ಇರಬೇಕು.